ಮರಳಿಲ್ಲದ ಊರಿನ ಮರಳ ಟೈರುಗಳು

ಬೆಂಗಳೂರಿನ ಬಸವೇಶ್ವರನಗರದಲ್ಲಿ ಈಗ ಯಾವ ಅಡ್ಡರಸ್ತೆಗೆ ತಿರುಗಿದರೂ ಒಂದು ಥಾರ್ ನಿಂತಿರುತ್ತದೆ. ಇಲ್ಲವೇ ಜಿಮ್ನಿ, ಅಪರೂಪಕ್ಕೆ ಗೂರ್ಖಾ. ನನ್ನ ಕಣ್ಣು ಮೊದಲು ಹೋಗುವುದು ಟೈರಿನ ಮೇಲೆ. ಕಂಪನಿಯಿಂದ ಬಂದದ್ದನ್ನು ಕಳಚಿ, ದಪ್ಪ ದಪ್ಪ ಬಟನ್ನಿನ, ಸಂದಿನಲ್ಲಿ ಹೆಬ್ಬೆರಳು ಹೂತುಹೋಗುವಂಥ ಟೈರು ಹಾಕಿಸಿದವರು ಬಹಳ ಜನ. ಯಾಕೆ ಎಂದು ಕೇಳಿದರೆ ಬರುವ ಉತ್ತರಗಳಲ್ಲಿ ಒಂದು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಬೀಚ್ ಕಡೆ ಹೋಗ್ತಿರ್ತೀವಲ್ಲ ಸಾರ್, ಮರಳಲ್ಲಿ ಗ್ರಿಪ್ ಬೇಕು."

ಮರಳಿನಲ್ಲಿ ಗ್ರಿಪ್ ಎಂದರೇನು? ಹಿಡಿದುಕೊಳ್ಳಲು ಅಲ್ಲಿ ಏನಿದೆ? ಪ್ರಶ್ನೆ ಬರೆದಿಟ್ಟುಕೊಂಡೆ.

*

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯದ ಹತ್ತಿರ ಒಂದು ಟೈರ್ ಅಂಗಡಿ. ಗೋಡೆಯುದ್ದಕ್ಕೂ ಎಚ್‌ಟಿ, ಎಟಿ, ಎಂಟಿ ಎಂದು ಮೂರು ಬಗೆ ಜೋಡಿಸಿದ್ದಾರೆ. ಹೈವೇಗೆಂದು ಮಾಡಿದ ಎಚ್‌ಟಿಯಲ್ಲಿ ಬಟನ್ ಒತ್ತೊತ್ತಾಗಿದೆ, ಉದ್ದಕ್ಕೆ ಗೆರೆ ಎಳೆದ ಹಾಗೆ. ಎಂಟಿ ಕೆಸರಿನ ಟೈರು: ಬಿಡಿಬಿಡಿಯಾದ ರಬ್ಬರ್ ಗಟ್ಟಿಗಳು, ನಡುವೆ ಅಗಲವಾದ ಕಾಲುವೆ. ಮೆತ್ತಿಕೊಂಡ ಕೆಸರು ಚಕ್ರ ತಿರುಗುವಾಗ ಆಚೆ ಸಿಡಿಯಲಿ ಎಂದು ಆ ಕಾಲುವೆ. ಎಟಿ ಇವೆರಡರ ನಡುವಿನದು.

ಮರಳಿಗೆ ಯಾವುದು ಎಂದು ಕೇಳಿದೆ. ಕೌಂಟರಿನ ಹುಡುಗ ಎಂಟಿ ತೋರಿಸಿದ. ಅಲೈನ್‌ಮೆಂಟ್ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್ ಅಲ್ಲಿಂದಲೇ ಬೇಡ ಎಂಬಂತೆ ಕೈಯಾಡಿಸಿದರು. "ಒಣ ಮರಳಿಗಾದ್ರೆ ಸವೆದ ಟೈರೇ ವಾಸಿ" ಎಂದರು. ಅಂಗಡಿಯಲ್ಲಿ ಕೇಳಿದ ಮಾತುಗಳಲ್ಲಿ ನನ್ನನ್ನು ಬಹಳ ದಿನ ಬಿಡದೆ ಕಾಡಿದ್ದು ಇದೇ.

ಆಮೇಲೆ ಓದಿ, ಕೇಳಿ ತಿಳಿದದ್ದು ಹೀಗಿದೆ. ಕೆಸರಿನ ಅಡಿಯಲ್ಲಿ ಸಾಮಾನ್ಯವಾಗಿ ಗಟ್ಟಿ ನೆಲ ಇರುತ್ತದೆ. ಎಂಟಿಯ ಹಲ್ಲು ಕೆಸರನ್ನು ಸೀಳಿಕೊಂಡು ಆ ನೆಲವನ್ನು ಮುಟ್ಟುತ್ತದೆ. ಮರಳಿನ ಅಡಿಯಲ್ಲಿ ಇರುವುದೂ ಮರಳೇ. ಕಾಳುಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುವವರೆಗೆ ಮಾತ್ರ ಅದು ಭಾರ ಹೊರುತ್ತದೆ. ಆ ಪದರವನ್ನು ಹಲ್ಲಿನಿಂದ ಕೆದಕಿದರೆ ಕಾಳುಗಳು ಸಡಿಲವಾಗುತ್ತವೆ, ಚಕ್ರ ಅವನ್ನು ಹಿಂದಕ್ಕೆ ಎಸೆಯುತ್ತದೆ, ಎಸೆದಷ್ಟೂ ತಾನೇ ತೋಡಿದ ಗುಂಡಿಯೊಳಗೆ ಇಳಿಯುತ್ತದೆ. ಆಕ್ಸಲ್ ಮರಳಿಗೆ ತಾಗಿದ ಮೇಲೆ ಫೋರ್ ವೀಲ್ ಡ್ರೈವ್ ಇದ್ದೂ ಪ್ರಯೋಜನವಿಲ್ಲ, ನಾಲ್ಕು ಕಡೆಯೂ ಒಟ್ಟಿಗೆ ಗುಂಡಿ.

ಇದಕ್ಕೆ ಒಂದು ಅಪವಾದ ಇದೆ. ಮರಳುದಿಬ್ಬಗಳ ಮೇಲೆ ಓಡಿಸುವ ಹಗುರ ಬಗ್ಗಿಗಳಿಗೆ ಹುಟ್ಟಿನಂಥ ಅಡ್ಡಪಟ್ಟಿಗಳಿರುವ ಪ್ಯಾಡಲ್ ಟೈರು ಹಾಕುತ್ತಾರೆ. ಅವು ಮರಳನ್ನು ಎಸೆದೇ ಮುಂದೆ ಹೋಗುತ್ತವೆ. ಆದರೆ ಗಾಡಿ ಹಗುರ, ಎಂಜಿನ್ ಜೋರು, ವೇಗ ನಿಲ್ಲುವುದೇ ಇಲ್ಲ. ಹೆಂಡತಿ, ಮಕ್ಕಳು, ಕೂಲರ್ ಬಾಕ್ಸ್ ಎಲ್ಲ ತುಂಬಿಕೊಂಡು ಕಾರ್ಡ್ ರೋಡಿನಿಂದ ಹೊರಟ ಗಾಡಿಗೆ ಆ ಲೆಕ್ಕ ಹೊಂದುವುದಿಲ್ಲ.

*

ಹಾಗಾದರೆ ಗಾಡಿಯನ್ನು ಮರಳಿನ ಮೇಲೆ ನಿಲ್ಲಿಸುವುದು ಯಾವುದು? ಅದೇ ಮೆಕ್ಯಾನಿಕ್ ಕೊಟ್ಟ ಉತ್ತರ: "ಗಾಳಿ ಇಳಿಸ್ಬೇಕು."

ಗಾಳಿ ಇಳಿದ ಟೈರು ಎಂದರೆ ದುರ್ಬಲ ಟೈರು ಎಂದು ಚಿಕ್ಕಂದಿನಿಂದ ಸೈಕಲ್ ತುಳಿದವರೆಲ್ಲ ನಂಬಿದ್ದೇವೆ. ಅದಕ್ಕೇ ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ. ಜನ, ಸಾಮಾನು ಸೇರಿ ಗಾಡಿಯ ತೂಕ 1,800 ಕೆಜಿ ಎಂದಿಟ್ಟುಕೊಳ್ಳೋಣ. ಒಂದೊಂದು ಚಕ್ರದ ಪಾಲು 450 ಕೆಜಿ. ರಸ್ತೆಗೆಂದು ಹೊಡೆಸಿದ ಗಾಳಿ 32 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕೆಜಿ. ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 450ನ್ನು 2.25ರಿಂದ ಭಾಗಿಸಿದರೆ 200 ಚದರ ಸೆಂಟಿಮೀಟರ್. ಅಷ್ಟು ದೊಡ್ಡ ಗಾಡಿಯ ಒಂದು ಚಕ್ರ ನೆಲಕ್ಕೆ ತಾಗುವುದು 20 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಜಾಗದಲ್ಲಿ ಮಾತ್ರ.

ಗಾಳಿಯನ್ನು 16ಕ್ಕೆ ಇಳಿಸಿದರೆ ಅದೇ 450 ಕೆಜಿ ಹೊರಲು 400 ಚದರ ಸೆಂಟಿಮೀಟರ್ ಬೇಕು. ಟೈರು ಹರಡಿಕೊಳ್ಳುತ್ತದೆ, ಮರಳಿನ ಮೇಲಿನ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಲೆಕ್ಕ ಕರಾರುವಾಕ್ಕಾಗಿ ಕೂಡುವುದಿಲ್ಲ, ಆದರೆ ದಿಕ್ಕು ಸರಿಯಾಗಿದೆ. ಹೋಲಿಸಲೆಂದು ಇನ್ನೊಂದು ಲೆಕ್ಕವನ್ನೂ ಬರೆದುಕೊಂಡೆ: 60 ಕೆಜಿ ತೂಕದ ಮನುಷ್ಯ ಬರಿಗಾಲಲ್ಲಿ ನಿಂತರೆ ಚದರ ಸೆಂಟಿಮೀಟರಿಗೆ ಬೀಳುವುದು ಸುಮಾರು 0.2 ಕೆಜಿ. ರಸ್ತೆಯ ಗಾಳಿ ಹೊತ್ತ ಟೈರು ಮರಳನ್ನು ನಮ್ಮ ಪಾದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಒತ್ತುತ್ತದೆ. ನಾವು ಕಷ್ಟಪಟ್ಟು ನಡೆಯುವ ಮರಳಿನಲ್ಲಿ ಗಾಡಿ ಹೂತುಹೋಗುವುದರಲ್ಲಿ ಏನು ಆಶ್ಚರ್ಯ!

*

ಅಗಲದ ಟೈರು ಹಾಕಿಸಿದರೆ ಸಾಲದೇ? ಇದೂ ನನ್ನನ್ನು ಬಹಳ ತಡೆದ ಪ್ರಶ್ನೆ.

ಒಳಗಿನ ಗಾಳಿ ಅಷ್ಟೇ ಇದ್ದರೆ ತಾಗುವ ಜಾಗದ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆಕಾರ ಮಾತ್ರ ಬದಲಾಗುತ್ತದೆ. ಅಗಲ ಟೈರಿನ ಹೆಜ್ಜೆ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ. ಗಾಳಿ ಇಳಿಸಿದಾಗ ಹೆಜ್ಜೆ ಮುಖ್ಯವಾಗಿ ಬೆಳೆಯುವುದು ಉದ್ದಕ್ಕೆ, ಟ್ಯಾಂಕಿನ ಪಟ್ಟಿಯ ಹಾಗೆ. ಮರಳಿಗೆ ಬೇಕಾದದ್ದೂ ಅದೇ. ಅಡ್ಡ ಅಗಲ ಹೆಚ್ಚಾದಷ್ಟೂ ಚಕ್ರ ತನ್ನ ಮುಂದೆ ತಳ್ಳಿಕೊಂಡು ಹೋಗಬೇಕಾದ ಮರಳಿನ ರಾಶಿಯೂ ಹೆಚ್ಚು. ಆದ್ದರಿಂದ ಎತ್ತರದ ಟೈರಿಗೆ ಮರಳಿನಲ್ಲಿ ಬೆಲೆ ಇದೆ, ಜೊತೆಗೆ ರಿಮ್ಮಿನಿಂದ ನೆಲದವರೆಗೆ ಸಾಕಷ್ಟು ರಬ್ಬರ್ ಗೋಡೆ ಇರಬೇಕು, ಇಲ್ಲದಿದ್ದರೆ ಹರಡಿಕೊಳ್ಳಲು ಅದಕ್ಕೆ ಜಾಗವೆಲ್ಲಿ?

ಟೈರಿನ ಮೇಲಿನ ಅಂಕಿಗಳನ್ನು ಓದುವುದು ಇಲ್ಲಿ ಉಪಯೋಗಕ್ಕೆ ಬಂತು. ಥಾರ್‌ನ 255/65 ಆರ್18 ಎಂದರೆ 255 ಮಿಲಿಮೀಟರ್ ಅಗಲ, ಆ ಅಗಲದ ಶೇ. 65ರಷ್ಟು ಗೋಡೆ, ಅಂದರೆ ಸುಮಾರು 166 ಮಿಲಿಮೀಟರ್. ಒಟ್ಟು ಎತ್ತರ ಸುಮಾರು 789 ಮಿಲಿಮೀಟರ್. ಜಿಮ್ನಿಯ 195/80 ಆರ್15 ಕಿರಿದು, ಆದರೆ ಗೋಡೆ 156 ಮಿಲಿಮೀಟರ್, ಒಟ್ಟು 693. ಎರಡರ ಗೋಡೆಗೂ ಇರುವ ವ್ಯತ್ಯಾಸ 10 ಮಿಲಿಮೀಟರ್ ಮಾತ್ರ! ಅತ್ತ ಜಿಮ್ನಿಯ ತೂಕವೋ ಸುಮಾರು 1,200 ಕೆಜಿ. ಹಗುರ ಗಾಡಿಯಲ್ಲಿ ಗಾಳಿಯನ್ನು ಇನ್ನೂ ಕೆಳಗಿಳಿಸಬಹುದು, ಟೈರು ಸಹಿಸುತ್ತದೆ. ಹಳೇ ಜಿಪ್ಸಿ ಗಾಡಿಗಳು ಸಣ್ಣ ಟೈರಿನಲ್ಲೇ ಮರಳು ದಾಟಿದವೆಂದು ಕೇಳಿದಾಗ ನಂಬಿಕೆ ಬಂದಿರಲಿಲ್ಲ. ಈ ಲೆಕ್ಕ ಮಾಡಿದ ಮೇಲೆ ಬಂತು.

ಹಾಗಾದರೆ 18 ಇಂಚಿನ ರಿಮ್ ತೆಗೆದು 20 ಇಂಚಿನದು ಹಾಕಿಸಿ, ಗೋಡೆಯನ್ನು ತೆಳ್ಳಗೆ ಮಾಡಿಕೊಂಡು ಬೀಚಿಗೆ ಹೊರಡುವವರು? ಅವರನ್ನು ತಡೆದು ಹೇಳಬೇಕು ಅನ್ನಿಸುತ್ತದೆ.

*

ಗಾಳಿ ಇಳಿಸುವ ಉಪಾಯ ಹೊಸದಲ್ಲ. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್ 1920ರ ದಶಕದ ಕೊನೆಯಲ್ಲಿ ಈಜಿಪ್ಟಿನಿಂದ ಪಶ್ಚಿಮಕ್ಕೆ, ಲಿಬಿಯಾ ಮರುಭೂಮಿಯೊಳಕ್ಕೆ ಫೋರ್ಡ್ ಕಾರುಗಳಲ್ಲಿ ಹೋಗತೊಡಗಿದರು. ಅವುಗಳಲ್ಲಿ ಫೋರ್ ವೀಲ್ ಡ್ರೈವ್ ಇರಲಿಲ್ಲ. ಹಿಂದಿನ ಎರಡು ಚಕ್ರಗಳ ಎಳೆತದಲ್ಲೇ ಗ್ರೇಟ್ ಸ್ಯಾಂಡ್ ಸೀ ಎಂಬ ಮರಳ ಕಡಲನ್ನು ದಾಟಿದರು. ಅವರ ಕೈಯಲ್ಲಿದ್ದದ್ದು ಗಾಳಿ ಇಳಿಸಿದ ಟೈರು, ಹೂತಾಗ ಚಕ್ರದ ಕೆಳಗೆ ತುರುಕಲು ಉಕ್ಕಿನ ಪಟ್ಟಿಗಳು, ಮತ್ತು ಮರಳನ್ನು ದೂರದಿಂದಲೇ ನೋಡಿ ಗಟ್ಟಿಯೋ ಸಡಿಲವೋ ಎಂದು ಗುರುತಿಸುವ ಕಣ್ಣು. ಅವರು 1941ರಲ್ಲಿ ಪ್ರಕಟಿಸಿದ 'ದಿ ಫಿಸಿಕ್ಸ್ ಆಫ್ ಬ್ಲೋನ್ ಸ್ಯಾಂಡ್ ಅಂಡ್ ಡೆಸರ್ಟ್ ಡ್ಯೂನ್ಸ್' ಮರಳಿನ ಚಲನೆಯ ಬಗ್ಗೆ ಇವತ್ತಿಗೂ ಉಲ್ಲೇಖವಾಗುವ ಗ್ರಂಥ. 1940ರಲ್ಲಿ ಅವರು ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಜೊತೆ ಮುಂದೆ ಭಾರತೀಯ ಸೈನಿಕರ ಒಂದು ಸ್ಕ್ವಾಡ್ರನ್ ಕೂಡ ದುಡಿಯಿತು.

ಅದೇ ಯುದ್ಧದಲ್ಲಿ ಅಮೆರಿಕದವರ 'ಡಕ್' ಎಂಬ ನೀರು-ನೆಲ ಎರಡರಲ್ಲೂ ಓಡುವ ಲಾರಿ ಬಂತು. ಕಡಲಿನಿಂದ ನೇರವಾಗಿ ಮರಳದಂಡೆಗೆ ಹತ್ತಬೇಕಾದ ಗಾಡಿ ಅದು. ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿ ಇಳಿಸಬಹುದಿತ್ತು, ಏರಿಸಬಹುದಿತ್ತು. ಮರಳಿಗೆ ಒಂದು ಗಾಳಿ, ರಸ್ತೆಗೆ ಇನ್ನೊಂದು ಎಂಬುದು ಅಷ್ಟು ಹಿಂದೆಯೇ ಸೈನ್ಯಕ್ಕೆ ಪಾಠವಾಗಿತ್ತು. ನಮ್ಮ ಡಾ. ರಾಜ್‌ಕುಮಾರ್ ರಸ್ತೆಯ ಆಕ್ಸೆಸರಿ ಅಂಗಡಿಗಳಲ್ಲಿ ಬುಲ್‌ಬಾರ್, ಎಲ್‌ಇಡಿ ಲೈಟು, ಹಗ್ಗ ಸುತ್ತುವ ವಿಂಚ್ ಎಲ್ಲ ಕಣ್ಣಿಗೆ ಕಾಣುವಂತೆ ತೂಗಿರುತ್ತವೆ. ಗಾಳಿ ಅಳೆಯುವ ಒಳ್ಳೆಯ ಗೇಜ್ ಕೇಳಿದರೆ ಡ್ರಾಯರ್ ತೆಗೆದು ಹುಡುಕುತ್ತಾರೆ. ಯಾಕೆ ಹೀಗೆ?

*

ಕೆಂಗೇರಿ ದಾಟಿ ಕೆಂಪೇಗೌಡ ಬಡಾವಣೆಯ ಕಡೆ ಒಮ್ಮೆ ಹೋಗಿದ್ದೆ. ಮನೆ ಕಟ್ಟುವ ಸೈಟುಗಳ ಮುಂದೆ ಎಂ-ಸ್ಯಾಂಡ್ ರಾಶಿಗಳು. ಟಿಪ್ಪರ್‌ನ ಟೈರಿನಲ್ಲಿ 100 ಪಿಎಸ್‌ಐಗೂ ಮೇಲೆ ಗಾಳಿ. ಅದು ರಾಶಿಯನ್ನು ಸುರಿದು ಗಟ್ಟಿ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ, ಸಡಿಲ ನೆಲಕ್ಕೆ ಚಕ್ರ ಇಡುವುದಿಲ್ಲ. ಟ್ರಾಕ್ಟರ್ ಮಾತ್ರ ಹೆದರದೆ ಇಳಿಯುತ್ತದೆ. ನದಿ ಪಾತ್ರದ ಮರಳಿಗೂ ಇಳಿಯುವುದು ಅದೇ. ಅದರ ಹಿಂದಿನ ಟೈರಿನಲ್ಲಿ ದೊಡ್ಡ ದೊಡ್ಡ ಹಲ್ಲುಗಳಿವೆಯಲ್ಲ, ಅವು ಗುಂಡಿ ತೋಡುವುದಿಲ್ಲವೇ?

ಚಾಲಕರನ್ನು ಗಾಳಿ ಎಷ್ಟು ಎಂದು ಕೇಳಿದೆ. "ಹದಿನಾಲ್ಕು, ಹದಿನೈದು ಇರಬೋದು" ಎಂದರು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಆಳೆತ್ತರದ ಟೈರು, ಕಡಿಮೆ ಗಾಳಿ, ನಿಧಾನವಾದ ತಿರುಗಾಟ. ಹಲ್ಲು ಇದ್ದೂ ಅದು ಮರಳನ್ನು ಸಿಡಿಸುವಷ್ಟು ಜೋರಾಗಿ ಸುತ್ತುವುದಿಲ್ಲ.

ರಾಶಿಯ ಮೇಲೆ ಕೈ ಇಟ್ಟು ನೋಡಿದೆ. ಕಲ್ಲು ಪುಡಿ ಮಾಡಿ ತೆಗೆದ ಎಂ-ಸ್ಯಾಂಡಿನ ಕಾಳು ಮೂಲೆಮೂಲೆಯಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ನೀರು, ಗಾಳಿ ಉರುಳಿಸಿ ಉರುಳಿಸಿ ತಂದ ಮರಳಿನ ಕಾಳಿಗೆ ಮೂಲೆ ಉಳಿದಿರುವುದಿಲ್ಲ, ಜಾರುತ್ತದೆ. ಸೈಟಿನ ಮರಳು ಹತ್ತಿದ ಗಾಡಿ ಕಡಲ ಮರಳನ್ನೂ ಹತ್ತುತ್ತದೆ ಎಂದುಕೊಂಡರೆ ತಪ್ಪು.

*

ತಲಕಾಡು ನಮ್ಮ ಕಡೆಯವರಿಗೆ ಹತ್ತಿರದ ಮರಳು. ಮೈಸೂರು ರಸ್ತೆ ಹಿಡಿದು ಮದ್ದೂರು, ಮಳವಳ್ಳಿ ದಾಟಿದರೆ ಸಿಕ್ಕಿತು. ಕಾವೇರಿ ತಿರುಗುವ ಆ ದಂಡೆಯಿಂದ ಗಾಳಿ ಹೊತ್ತು ತಂದ ಮರಳು ಗಂಗರ ರಾಜಧಾನಿಯ ದೇವಾಲಯಗಳನ್ನೇ ಮುಚ್ಚಿತು. ಅಲ್ಲಿ ಗಾಡಿ ಇಳಿಸುವ ಮಾತಿಲ್ಲ, ನಡೆಯುವುದೇ. ನಡೆದರೂ ಕಲಿಯಬಹುದು. ಮಳೆ ಬಿದ್ದ ಮರುದಿನ ಬೆಳಿಗ್ಗೆ ಹೆಜ್ಜೆ ಮೇಲೇ ನಿಲ್ಲುತ್ತದೆ, ಬಿಸಿಲೇರಿದ ಮೇಲೆ ಅದೇ ದಾರಿಯಲ್ಲಿ ಹಿಮ್ಮಡಿ ಮುಳುಗುತ್ತದೆ. ಕಾಳುಗಳ ನಡುವಿನ ಚೂರು ನೀರು ಅವನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತದೆ. ಒಣಗಿದರೆ ಆ ಹಿಡಿತ ಹೋಯಿತು. ನೀರು ತುಂಬಿ ಕಾಳು ತೇಲತೊಡಗಿದರೂ ಹೋಯಿತು.

ಕಾಸರಗೋಡು ದಾಟಿ ಇನ್ನೂ ದಕ್ಷಿಣಕ್ಕೆ, ಕಣ್ಣೂರು–ತಲಶ್ಶೇರಿ ನಡುವೆ ಮುಳಪ್ಪಿಲಂಗಾಡ್ ಕಡಲತೀರ ಇದೆ. ಸುಮಾರು 4 ಕಿಲೋಮೀಟರ್ ಉದ್ದ, ಅಲ್ಲಿ ವಾಹನ ಓಡಿಸಲು ಅವಕಾಶ ಉಂಟು. ಸಾಮಾನ್ಯ ಆಲ್ಟೋ ಕೂಡ ಟೈರಿನ ಗಾಳಿ ಮುಟ್ಟದೆ ಓಡುತ್ತದೆ. ಅದನ್ನು ನೋಡಿ ಬಂದವರು ಗೋಕರ್ಣದಲ್ಲೋ ಮರವಂತೆಯಲ್ಲೋ ಅದೇ ಧೈರ್ಯದಲ್ಲಿ ರಸ್ತೆಯ ಅಂಚಿನಿಂದ ಕೆಳಗಿಳಿದು ಸಿಕ್ಕಿಕೊಳ್ಳುತ್ತಾರೆ. ಮುಳಪ್ಪಿಲಂಗಾಡಿನ ಮರಳು ನುಣುಪು, ಇಳಿಜಾರು ಕಡಿಮೆ, ಅಲೆ ದಿನಾ ಬಂದು ಅದಕ್ಕೆ ತೇವ ಕೊಟ್ಟು ತಟ್ಟಿ ಹೋಗುತ್ತದೆ. ಅಲೆ ಮುಟ್ಟದ ಮೇಲಿನ ಪಟ್ಟಿ ಎಲ್ಲ ತೀರದಲ್ಲೂ ಸಡಿಲವೇ, ರಸ್ತೆಯಿಂದ ಇಳಿಯುವವರು ಮೊದಲು ದಾಟಬೇಕಾದದ್ದೂ ಅದನ್ನೇ.

*

ರಾಜಾಜಿನಗರದ ಗೆಳೆಯರ ಮಗ ದೋಹಾದಲ್ಲಿ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. ಅಲ್ಲಿನ ಕನ್ನಡದ ಸಂಸಾರಗಳು ಚಳಿಗಾಲದಲ್ಲಿ ಶುಕ್ರವಾರ ಖೋರ್ ಅಲ್ ಅದೈದ್ ಕಡೆ ಹೋಗುವುದುಂಟಂತೆ, ಮರುಭೂಮಿಯೊಳಕ್ಕೆ ಸಮುದ್ರ ನುಗ್ಗಿ ಬಂದ ಜಾಗ. ಡಾಂಬರು ಮುಗಿಯುವಲ್ಲಿ ಎಲ್ಲ ಗಾಡಿಗಳೂ ನಿಲ್ಲುತ್ತವೆ, ಗಾಳಿ ಇಳಿಸುತ್ತವೆ. ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಲು 18, ಗಾಡಿ ಎಳೆದಾಡಿದರೆ 15. ಹೂತೇಹೋದರೆ, ಅಲ್ಲಿಂದ ಹೊರಬರುವಷ್ಟು ಹೊತ್ತು ಮಾತ್ರ, 12. ವಾಪಸು ಬಂದಾಗ ಅದೇ ಜಾಗದಲ್ಲಿ ಗಾಳಿ ಹೊಡೆಸಿಯೇ ಡಾಂಬರು ಹತ್ತುವುದು.

ಅವನ ಮಾತುಗಳನ್ನು ಕೇಳಿದ ಹಾಗೇ ಬರೆದುಕೊಂಡಿದ್ದೇನೆ. ಆಕ್ಸಲರೇಟರ್ ಒಂದೇ ಸಮ ಇರಬೇಕು. ಚಕ್ರ ನಿಂತಲ್ಲೇ ಸುತ್ತಲು ಶುರುವಾದ ಕ್ಷಣ ಕಾಲು ತೆಗೆಯಬೇಕು, ಒತ್ತಬಾರದು. ಬ್ರೇಕ್ ಹಾಕಿ ನಿಲ್ಲಿಸಿದರೆ ಟೈರಿನ ಮುಂದೆ ಮರಳು ಗುಡ್ಡೆಯಾಗುತ್ತದೆ, ತಾನಾಗಿ ಉರುಳಿ ನಿಲ್ಲಲು ಬಿಡಬೇಕು, ಆದರೆ ಇಳಿಜಾರಿಗೆ ಮುಖಮಾಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಬಾರದು. ದಿಬ್ಬ ನೇರ ಹತ್ತಬೇಕು, ನೇರ ಇಳಿಯಬೇಕು. ಹೂತರೆ ಮೊದಲು ಸಲಿಕೆ, ಆಮೇಲೆ ಎಂಜಿನ್.

"ಅಲ್ಲಿ ನಿನ್ನ ಟೈರು ಯಾವುದು?" ಎಂದೆ. ಕಂಪನಿಯಿಂದ ಬಂದದ್ದೇ, ಎಚ್‌ಟಿ.

*

ಟ್ಯೂಬ್‌ಲೆಸ್ ಟೈರು ರಿಮ್ಮಿಗೆ ಅಂಟಿಕೊಂಡಿರುವುದು ಒಳಗಿನ ಗಾಳಿ ಅದರ ಅಂಚನ್ನು, ಅಂದರೆ ಬೀಡನ್ನು, ರಿಮ್ಮಿಗೆ ಒತ್ತಿ ಹಿಡಿದಿರುವುದರಿಂದ. 12 ಪಿಎಸ್‌ಐಗಿಂತ ಕೆಳಗೆ ಹೋಗಿ ಜೋರಾಗಿ ತಿರುಗಿಸಿದರೆ ಬೀಡ್ ಕಳಚಿಕೊಳ್ಳುತ್ತದೆ, ಮರಳು ಒಳಗೆ ಹೋಗುತ್ತದೆ, ಮತ್ತೆ ಕೂರಿಸುವುದು ದಾರಿಯಲ್ಲಿ ಬಹಳ ಕಷ್ಟ. ರ‍್ಯಾಲಿಯವರು ಬೀಡ್‌ಲಾಕ್ ರಿಮ್ ಹಾಕುವುದು ಅದಕ್ಕೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಅವರು ಓಡಿಸಿದ್ದು ಬೈಕು. ಆ ಓಟದ ಬೈಕುಗಳ ಟೈರಿನಲ್ಲಿ ಗಾಳಿಯ ಬದಲು ಮೂಸ್ ಎಂಬ ಫೋಮ್ ತುಂಬಿರುತ್ತಾರೆ. ಪಂಕ್ಚರ್ ಇಲ್ಲ, ಬೀಡ್ ಕಳಚುವ ಭಯವಿಲ್ಲ. ಆದರೆ ಬಿಸಿಗೆ ಬೇಗ ಹಾಳಾಗುತ್ತದೆ, ಪದೇ ಪದೇ ಬದಲಿಸಬೇಕು. ಮನೆಯ ಕಾರಿಗೆ ಗಾಳಿಯೇ ಸರಿ.

ಇಳಿಸಿದ ಗಾಳಿಯಲ್ಲೇ ಹೆದ್ದಾರಿಗೆ ಹತ್ತುವುದು ಇನ್ನೂ ದೊಡ್ಡ ಅಪಾಯ. ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಒಳಗೇ ಕಾಯುತ್ತದೆ, ಹೊರಗೆ ಏನೂ ತಿಳಿಯುವುದಿಲ್ಲ, ವೇಗದಲ್ಲಿ ಸಿಡಿಯುತ್ತದೆ. ಎನ್‌ಎಚ್ 66ರಲ್ಲಿ ಪೆಟ್ರೋಲ್ ಬಂಕ್ ಹತ್ತಿರವೇ ಇದೆ, ಅಲ್ಲಿವರೆಗೆ ಮೆಲ್ಲಗೆ ಹೋದರಾಯಿತು ಎನ್ನುತ್ತಾರೆ. ಆ ಬಂಕಿನ ಗಾಳಿ ಯಂತ್ರ ಕೆಟ್ಟಿದ್ದರೆ? ಬ್ಯಾಟರಿಗೆ ನೇರ ಜೋಡಿಸುವ 12 ವೋಲ್ಟ್ ಕಂಪ್ರೆಸರ್ ಜೊತೆಗಿರಲೇಬೇಕು. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಆಟಿಕೆಯಂಥದ್ದು ದೊಡ್ಡ ಟೈರು ತುಂಬುವಷ್ಟರಲ್ಲಿ ಕಾದು ನಿಂತುಬಿಡುತ್ತದೆ.

*

ಒಂದು ಸಣ್ಣ ಸೋಜಿಗ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾತಾವರಣದ ಒತ್ತಡ ಸುಮಾರು 13.2 ಪಿಎಸ್‌ಐ, ಕಡಲತೀರದ ಮಲ್ಪೆಯಲ್ಲಿ 14.7. ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಹಾಗಾಗಿ ಇಲ್ಲಿ 32 ಇಟ್ಟು ಘಟ್ಟ ಇಳಿದರೆ ಗೇಜಿನಲ್ಲಿ ಒಂದೂವರೆ ಕಡಿಮೆ ಕಾಣಬೇಕು. ಆದರೆ ಕರಾವಳಿ ಬಿಸಿ. ಇಲ್ಲಿ ಬೆಳಿಗ್ಗೆ 22 ಡಿಗ್ರಿ ಇದ್ದು ಅಲ್ಲಿ 30 ಇದ್ದರೆ ಒಳಗಿನ ಗಾಳಿ ಸುಮಾರು ಒಂದೂಕಾಲು ಏರುತ್ತದೆ. ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಅಳಿಸಿಹಾಕುತ್ತವೆ!

ಶಿರಾಡಿ ಘಾಟಿ ಇಳಿದು ಬಂದ ಬಿಸಿ ಟೈರಿಗೆ ಇದು ಅನ್ವಯಿಸುವುದಿಲ್ಲ. ಓಡಿದ ಬಿಸಿಗೆ ಗೇಜು ನಾಲ್ಕೈದು ಹೆಚ್ಚು ತೋರಿಸುತ್ತದೆ. ಮರಳಿಗೆ ಇಳಿಸುವ ಮುಂಚೆ ಟೈರು ಆರಬೇಕು. ಊಟ ಮಾಡಿಕೊಂಡು ಬಂದರೆ ಸರಿಹೋಗುತ್ತದೆ.

*

ಹಳೇ ಜೀಪುಗಳ 6.00-16 ಟೈರು ನೈಲಾನಿನವು, ಗೋಡೆ ಬಿರುಸು. ಜೆಕೆ ಟೈರ್ 1977ರಲ್ಲಿ ನಮ್ಮ ದೇಶಕ್ಕೆ ರೇಡಿಯಲ್ ಟೈರು ತಂದಿತು. 1997ರಲ್ಲಿ ಮೈಸೂರಿನ ವಿಕ್ರಾಂತ್ ಟೈರ್ ಕಂಪನಿಯೂ ಅದರ ಪಾಲಾಯಿತು. ವಿಕ್ರಾಂತ್ ಎಂದರೆ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಹಳೇ ಲಾರಿ ಮಾಲೀಕರ ಮುಖ ಈಗಲೂ ಅರಳುತ್ತದೆ. ರೇಡಿಯಲ್ ಟೈರಿನ ಗೋಡೆ ಬಾಗುತ್ತದೆ, ಬಟನ್ ಇರುವ ತಲೆ ಮಾತ್ರ ಚಪ್ಪಟೆಯಾಗಿ ನೆಲದ ಮೇಲೆ ಕೂರುತ್ತದೆ. ಮರಳಿಗೆ ಅದು ವರ. ಕಲ್ಲಿಗೆಂದು ಮೂರು ಪದರ ಹಾಕಿ ಗೋಡೆ ಗಟ್ಟಿ ಮಾಡಿದ ಟೈರುಗಳಲ್ಲಿ ಆ ಗುಣ ಕಡಿಮೆ, 18 ಪಿಎಸ್‌ಐಗೂ ಬಾಗದೆ ನಿಲ್ಲುತ್ತವೆ. ಹೆಚ್ಚು ದುಡ್ಡು ಕೊಟ್ಟು ಕೊಂಡ ಗಟ್ಟಿತನವೇ ಇಲ್ಲಿ ಅಡ್ಡ ಬರುತ್ತದೆ.

*

ನನ್ನ ತೀರ್ಮಾನ ಇಷ್ಟು. ವಿಜಯನಗರದಲ್ಲಿ ಮನೆ, ದಿನಾ ನಾಯಂಡಹಳ್ಳಿ ಟ್ರಾಫಿಕ್ಕು, ವರ್ಷಕ್ಕೆ ಕೆಲವು ಸಲ ಮರಳು ಸಿಗುವ ದಾರಿ ಇರುವವರಿಗೆ ಕಂಪನಿ ಅಳತೆಯ, ನಯವಾದ ಬಟನ್ನಿನ ಎಟಿ ಸಾಕು. ಎಚ್‌ಟಿಯೂ ಸಾಕು. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿಯಬೇಕು, ಅದು ಮೊದಲ ಅಗತ್ಯ. ಎಂಟಿ ಮಳೆಯ ರಸ್ತೆಯಲ್ಲಿ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ, ಡೀಸೆಲ್ ತಿನ್ನುತ್ತದೆ, ಗುಯ್‌ಗುಟ್ಟುತ್ತದೆ. ಅದಕ್ಕೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಗೇಜ್, ಕಂಪ್ರೆಸರ್, ಸಲಿಕೆ, ಚಕ್ರದಡಿ ಇಡುವ ಬೋರ್ಡು ನಾಲ್ಕೂ ಬರುತ್ತವೆ. ತೀರಾ ದೊಡ್ಡ ಅಳತೆ ಹಾಕಿಸಿದರೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆಯಾಗದಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಇನ್ಷೂರೆನ್ಸಿನವರ ಪ್ರಶ್ನೆಗಳೂ ಇವೆ.

ಮೆಕ್ಯಾನಿಕ್ ಹೇಳಿದ ಸವೆದ ಟೈರನ್ನು ಮಾತ್ರ ಒಪ್ಪಲಾರೆ. ಮರಳಿನ ಮಟ್ಟಿಗೆ ಅವರ ಮಾತು ನಿಜ. ಆದರೆ ಮರಳಿನವರೆಗೆ ಹೋಗಬೇಕಾದದ್ದು ಸುಮಾರು 400 ಕಿಲೋಮೀಟರ್ ರಸ್ತೆಯಲ್ಲಿ. ಬಟನ್ನಿಗೆ ಕಾನೂನು ಹೇಳುವ ಕನಿಷ್ಠ ಆಳ 1.6 ಮಿಲಿಮೀಟರ್. ಘಟ್ಟದ ಮಳೆಗೆ ಅದೂ ಸಾಲದು.

*

ಯಾವ ಟೈರೇ ಇರಲಿ, ಎಲ್ಲಿಗೆ ಇಳಿಸುತ್ತೇವೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕು. ನಮ್ಮ ಕರಾವಳಿಯಲ್ಲಿ ಕುಂದಾಪುರದ ಕೋಡಿ, ಹೊನ್ನಾವರದ ಕಾಸರಕೋಡು, ಕಾರವಾರದ ಕಡೆ ಆಲಿವ್ ರಿಡ್ಲಿ ಕಡಲಾಮೆಗಳು ಚಳಿಗಾಲದಲ್ಲಿ ದಂಡೆ ಹತ್ತಿ ಮೊಟ್ಟೆಯಿಡುತ್ತವೆ. ಗೂಡು ಇರುವುದು ಅಲೆ ಮುಟ್ಟದ, ಒಣ, ಸಡಿಲ ಮರಳಿನಲ್ಲಿ. ಗಾಡಿಗಳು ಮೊದಲು ದಾಟುವ ಅದೇ ಪಟ್ಟಿ. ಮೇಲಿನಿಂದ ಏನೂ ಕಾಣುವುದಿಲ್ಲ. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬಂದು ರಾತ್ರಿ ಕಡಲಿನ ಕಡೆ ಹರಿದು ಹೋಗುವಾಗ ಟೈರಿನ ಜಾಡು ಅದಕ್ಕೆ ಕಂದಕ. ಜಾಡಿನೊಳಗೇ ಅತ್ತಿತ್ತ ಹರಿದು ದಣಿಯುತ್ತದೆ, ಏಡಿಗೋ ನಾಯಿಗೋ ಸಿಗುತ್ತದೆ. ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಜೀವ ಅದು. ಗಾಳಿ ಇಳಿಸಿದ ಅಗಲ ಟೈರಿನ ಜಾಡು ಆಳ ಕಡಿಮೆ ಇರಬಹುದು, ಗೂಡಿನ ಮೇಲೆ ಅದೂ ಭಾರವೇ. ಅವಕಾಶ ಕೊಟ್ಟ ತೀರ ಬಿಟ್ಟು ಬೇರೆಡೆ ಇಳಿಸಬಾರದು ಎಂದು ನನಗೆ ಸಿಕ್ಕ ಪ್ರತಿ ಥಾರ್ ಹುಡುಗನಿಗೂ ಹೇಳುತ್ತಿದ್ದೇನೆ.

ಕರಾವಳಿಯ ತೋಟದ ಓಣಿ, ಹೊಳೆದಂಡೆಯ ಹಳ್ಳಿ ದಾರಿ, ಜೈಸಲ್ಮೇರ್ ಪ್ರವಾಸ: ಈ ವಿದ್ಯೆ ನಿಜವಾಗಿ ಬೇಕಾಗುವ ಜಾಗಗಳೂ ಇವೆ.

*

ವಾಪಸು ಬಂದ ಮೇಲಿನ ಕೆಲಸ. ರಿಮ್ಮಿನ ಒಳಮೈ, ಬ್ರೇಕ್ ಡಿಸ್ಕ್, ಚಾಸಿಸ್ ಅಡಿ ಎಲ್ಲ ಸಿಹಿನೀರಿನಲ್ಲಿ ತೊಳೆಸಬೇಕು, ಉಪ್ಪು ಅಲ್ಯೂಮಿನಿಯಮ್ಮನ್ನೂ ಬಿಡುವುದಿಲ್ಲ. ವಾಲ್ವ್ ಬಾಯಿಗೆ ಮುಚ್ಚಳ ಇಲ್ಲದೆ ಮರಳಿಗೆ ಇಳಿದಿದ್ದರೆ ಒಳಗಿನ ಪಿನ್ ಬದಲಿಸುವುದೇ ಒಳ್ಳೆಯದು, ಬೆಲೆ ಚಿಲ್ಲರೆ. ಕೆಲವು ದಿನ ಗಾಳಿ ಮೆಲ್ಲಗೆ ಇಳಿಯುತ್ತಿದ್ದರೆ ಪಂಕ್ಚರ್ ಹುಡುಕುವ ಮುಂಚೆ ಬೀಡ್ ಬಿಡಿಸಿ ನೋಡಿಸಬೇಕು. ಬೀಡಿಗೂ ರಿಮ್ಮಿಗೂ ನಡುವೆ ನಾಲ್ಕು ಕಾಳು ಮರಳು ಕುಳಿತಿದ್ದರೂ ಗಾಳಿ ನಿಲ್ಲುವುದಿಲ್ಲ. ವೀಲ್ ನಟ್ಟುಗಳನ್ನು ಸರಿಯಾದ ಟಾರ್ಕಿಗೆ ಬಿಗಿ ಮಾಡಿಸಬೇಕು.

ಗೋಡೆಯ ಮೇಲೆ ಬೆರಳಾಡಿಸಿ ನೋಡಬೇಕು. ಬಟನ್ ಪೂರ್ತಿ ಉಳಿದಿದ್ದೂ ಗೋಡೆ ಸಣ್ಣಗೆ ಬಿರುಕು ಬಿಟ್ಟ ಟೈರುಗಳು ನಮ್ಮ ಬೀದಿಗಳಲ್ಲಿ ಬಹಳ. ವಾರವಿಡೀ ಬಿಸಿಲಲ್ಲಿ ನಿಂತು ವಾರಾಂತ್ಯಕ್ಕೆ ಮಾತ್ರ ಓಡುವ ಗಾಡಿಯ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಗಾಳಿ ಇಳಿಸಿದಾಗ ಮಡಚಿಕೊಳ್ಳುವುದು ಆ ಬಿರುಕಿನ ಜಾಗವೇ. ಗೋಡೆಯ ಮೇಲೆ ಡಾಟ್ ಎಂದಿರುವಲ್ಲಿ ಕೊನೆಯ ನಾಲ್ಕು ಅಂಕಿ ಓದಬೇಕು: 2321 ಎಂದರೆ 2021ರ 23ನೇ ವಾರ ತಯಾರಾದದ್ದು.

ಬೆನ್ನಿಗೆ ತೂಗಿದ ಸ್ಟೆಪ್ನಿಯನ್ನೂ ಓದಬೇಕು. ನಾಲ್ಕು ಟೈರು ಬದಲಿಸಿ ಐದನೆಯದನ್ನು ಹಳೇ ಅಳತೆಯಲ್ಲೇ ಬಿಟ್ಟವರು ಅನೇಕರು. ಇಂಥ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ಸುತ್ತಬೇಕು. ಒಂದು ಚಕ್ರದ ಎತ್ತರ ಬೇರೆಯಾದರೆ ಆ ಎಳೆದಾಟ ಟ್ರಾನ್ಸ್‌ಫರ್ ಕೇಸಿಗೆ, ಡಿಫರೆನ್ಷಿಯಲ್‌ಗೆ ಬೀಳುತ್ತದೆ. ಮರಳಿನಲ್ಲಿ ಚಕ್ರ ಜಾರಿ ಅದನ್ನು ಸ್ವಲ್ಪ ಸಡಿಲ ಮಾಡಿಕೊಳ್ಳುತ್ತದೆ, ಗಟ್ಟಿ ನೆಲದಲ್ಲಿ ಆ ದಾರಿಯೂ ಇಲ್ಲ. ಐದೂ ಒಂದೇ ಅಳತೆ ಇರಬೇಕು, ಐದನ್ನೂ ಸರದಿಯಲ್ಲಿ ಓಡಿಸಬೇಕು. ಎದುರುಮನೆಯ ಹುಡುಗನ ಗಾಡಿಯಲ್ಲಿ ಇಬ್ಬರೂ ಬಗ್ಗಿ ಓದಿ ನೋಡಿದೆವು: ನಾಲ್ಕು 2023ರವು, ಐದನೆಯದು ಹಳೆಯದು, ಅಳತೆಯೂ ಬೇರೆ, ಗಾಳಿ ಅರ್ಧಕ್ಕಿಂತ ಕಡಿಮೆ. ಗೋಕರ್ಣಕ್ಕೆ ಹೊರಡುವ ಮೊದಲು ಬದಲಿಸುತ್ತೇನೆ ಎಂದಿದ್ದಾನೆ.